ಪ್ರದರ್ಶನದ ಹಿಂದಿನ ಕಾರ್ಯಾಗಾರ

ಶೈಕ್ಷಣಿಕ ಪ್ರವಾಸಕ್ಕೆಂದು ಬೆಂಗಳೂರಿಗೆ ತೆರಳುವ ಶಾಲಾಮಕ್ಕಳು ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನೋಡದೆ ಹಿಂದಿರುಗುವುದು ವಿರಳ. ಅಲ್ಲಿ ಗುಂಡಿಯನ್ನೊತ್ತಿದರೆ ದೀಪ ಬೆಳಗುತ್ತದೆ. ಹಿಡಿಯನ್ನು ತಿರುಗಿಸಿದರೆ ಚಕ್ರ ಸುತ್ತುತ್ತದೆ. ಮಕ್ಕಳ ಕಣ್ಣುಗಳು ಅರಳುತ್ತವೆ. ಆದರೆ ದಿನವೂ ಅಸಂಖ್ಯ ಕೈಗಳ ಸೆಳೆತಕ್ಕೆ ಸಿಕ್ಕುವ ಈ ಉಪಕರಣಗಳು ಕೆಡದೆ ನಡೆಯುವ ಬಗೆ ಹೇಗೆ ಎಂದು ವಿಚಾರಿಸುವವರು ಕಡಿಮೆ. ಶಾಲೆಗಳನ್ನು ನಡೆಸುವವರಿಗೆ ಬೇಕಾದ ಪಾಠವು ಈ ಪ್ರಶ್ನೆಯ ಉತ್ತರದಲ್ಲಿಯೇ ಅಡಗಿದೆ.

ಸರ್ ಎಂ. ವಿಶ್ವೇಶ್ವರಯ್ಯನವರ ಸ್ಮರಣಾರ್ಥವಾಗಿ ನಿರ್ಮಿತವಾದ ಈ ಕಟ್ಟಡವನ್ನು 1962ರ ಜುಲೈ 14ರಂದು ಪಂಡಿತ ಜವಾಹರಲಾಲ ನೆಹರೂ ಅವರು ಉದ್ಘಾಟಿಸಿದರು. ವಿದ್ಯುತ್ತಿಗೆ ಸಂಬಂಧಿಸಿದ ಮೊದಲನೆಯ ವಿಭಾಗವು ಸಾರ್ವಜನಿಕರಿಗೆ ತೆರೆದುದು 1965ರ ಜುಲೈ 27ರಂದು. ಕಟ್ಟಡ ಸಿದ್ಧವಾದ ಮೇಲೂ ಮೂರು ವರ್ಷ ಹಿಡಿಯಿತು ಎಂಬುದನ್ನು ಗಮನಿಸಬೇಕು. ಗೋಡೆಗಳನ್ನು ಎಬ್ಬಿಸುವುದಕ್ಕಿಂತ ಅವುಗಳೊಳಗೆ ಅರ್ಥವನ್ನು ತುಂಬುವುದು ನಿಧಾನದ ಕೆಲಸ. 1978ರಿಂದ ಈ ಸಂಸ್ಥೆಯು ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಮಂಡಳಿಯ ಆಡಳಿತದಲ್ಲಿದೆ.

ಹಳೆಯ ಸಂಗ್ರಹಾಲಯಗಳ ನಿಯಮ 'ಮುಟ್ಟಬಾರದು' ಎಂಬುದಾಗಿತ್ತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1903ರಲ್ಲಿ ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರು ಸ್ಥಾಪಿಸಿದ ಸಂಗ್ರಹಾಲಯವು, ನೋಡುಗರೇ ನಡೆಸಬಹುದಾದ ಮಾದರಿಗಳನ್ನಿಟ್ಟು ಈ ನಿಯಮವನ್ನು ಸಡಿಲಿಸಿತು. ಮುಟ್ಟಲು ಬಿಟ್ಟ ಮೇಲೆ ಸವೆತವೂ ಅನಿವಾರ್ಯ. ಆದುದರಿಂದ ಇಂತಹ ಸಂಗ್ರಹಾಲಯಕ್ಕೆ ಕಾರ್ಯಾಗಾರವೇ ಹೃದಯ. ಅಮೆರಿಕದ ಸಾನ್ ಫ್ರಾನ್ಸಿಸ್ಕೊದಲ್ಲಿ 1969ರಲ್ಲಿ ಆರಂಭವಾದ ಎಕ್ಸ್‌ಪ್ಲೊರೇಟೋರಿಯಂ ತನ್ನ ಕಾರ್ಯಾಗಾರವನ್ನು ಮರೆಮಾಡದೆ, ನೋಡುಗರ ಕಣ್ಣೆದುರಿಗೇ ಇರಿಸಿದೆ.

ಒಂದು ಪ್ರದರ್ಶನವಸ್ತು ರೂಪುಗೊಳ್ಳುವಾಗ ಮೊದಲು ಒಂದೇ ಒಂದು ತತ್ತ್ವವನ್ನು ಆರಿಸಿಕೊಳ್ಳುತ್ತಾರೆ. ನಕ್ಷೆಯಾದ ಮೇಲೆ ಬಡಗಿ, ಲೋಹಗೆಲಸದವರು, ವಿದ್ಯುತ್ ಕುಶಲಕರ್ಮಿ, ಬಣ್ಣಗಾರರು ಕೂಡಿ ಕಚ್ಚಾ ಮಾದರಿಯನ್ನು ಮಾಡುತ್ತಾರೆ. ಅದನ್ನು ಮಕ್ಕಳ ಕೈಗಿತ್ತು ಗಮನಿಸುವುದೇ ನಿಜವಾದ ಪರೀಕ್ಷೆ. ಮೆಲ್ಲಗೆ ತಿರುಗಿಸಬೇಕಾದ ಹಿಡಿಯನ್ನು ಮಗುವು ಬಲವಾಗಿ, ಕೆಲವೊಮ್ಮೆ ಹಿಮ್ಮುಖವಾಗಿಯೂ ತಿರುಗಿಸುತ್ತದೆ. ಅದು ಮಗುವಿನ ತಪ್ಪಲ್ಲ, ರಚನೆಯ ಕೊರತೆ ಎಂದು ತಿಳಿದು ತಿದ್ದುತ್ತಾರೆ. ಗುಂಡಿಯ ಹಿಂದೆ ಕಾಲನಿಯಂತ್ರಕವನ್ನು ಅಳವಡಿಸಿದರೆ ಮೋಟಾರು ಕೆಲವು ಕ್ಷಣ ನಡೆದು ತಾನಾಗಿ ನಿಲ್ಲುತ್ತದೆ. ಇದರಿಂದ ವಿದ್ಯುತ್ತೂ ಉಳಿಯುತ್ತದೆ, ಯಂತ್ರದ ಆಯುಷ್ಯವೂ ಹೆಚ್ಚುತ್ತದೆ. ಕೂದಲನ್ನು ನಿಮಿರಿಸುವ ಸ್ಥಿರವಿದ್ಯುತ್ ಯಂತ್ರವು ತೇವದ ಗಾಳಿಯಲ್ಲಿ ಸೋಲುತ್ತದೆ; ಆದಕಾರಣ ಅದರ ಪಟ್ಟಿಯನ್ನೂ ಗೋಳವನ್ನೂ ಒರೆಸಿ ಒಣಗಿಸಿ ಇಡಬೇಕಾಗುತ್ತದೆ. ಬಾಗಿಲು ತೆರೆಯುವ ಮುನ್ನ ಪ್ರತಿಯೊಂದನ್ನೂ ನಡೆಸಿ ನೋಡುವವರ ಹೆಸರು ಯಾವ ಫಲಕದಲ್ಲಿಯೂ ಇರುವುದಿಲ್ಲ.

ಇದೇ ಕಾರ್ಯವು ಹಳ್ಳಿಗಳನ್ನು ತಲುಪಲೆಂದು ಪ್ರದರ್ಶನವಸ್ತುಗಳನ್ನು ಹೊತ್ತ ಸಂಚಾರಿ ವಾಹನವು ಶಾಲೆಯಿಂದ ಶಾಲೆಗೆ ಹೋಗುವ ಪದ್ಧತಿಯೂ ಬೆಳೆಯಿತು. 1984ರಲ್ಲಿ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವು ಸ್ಥಾಪಿತವಾದುದರಿಂದ ಈ ಭಾಗದ ಮಕ್ಕಳಿಗೆ ಬೆಂಗಳೂರಿನ ದೂರ ತಗ್ಗಿತು.

ಇನ್ನು ನಮ್ಮ ಗ್ರಾಮೀಣ ಶಾಲೆಗಳ ಕಡೆಗೆ ನೋಡಬೇಕು. ದಾನಿಗಳಿತ್ತ ಸೂಕ್ಷ್ಮದರ್ಶಕವು ಒಡೆದೀತೆಂಬ ಅಂಜಿಕೆಯಿಂದ ಕಪಾಟಿನಲ್ಲಿ ಬೀಗದೊಳಗೆ ಕುಳಿತಿರುವ ದೃಶ್ಯ ಎಲ್ಲಿಯೂ ಅಪರೂಪವಲ್ಲ. ಒಡೆದರೆ ಶಿಕ್ಷಕನೇ ಹೊಣೆಯೆಂದಾದಲ್ಲಿ ಬೀಗವೇ ಲೇಸೆಂದು ಅವನಿಗೆ ತೋರುವುದು ಸಹಜ. ಹೊಸ ಉಪಕರಣಕ್ಕೆ ಧನ ದೊರೆಯುತ್ತದೆ, ದುರಸ್ತಿಗೆ ದೊರೆಯುವುದಿಲ್ಲ. ಹೀಗೆ ಮಕ್ಕಳು ಚಿತ್ರದಲ್ಲಿ ಕಂಡುದನ್ನೇ ಬರೆದು ಉತ್ತೀರ್ಣರಾಗುತ್ತಾರೆ.

ಪರಿಹಾರವು ದೂರದಲ್ಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಸಿಂಧನೂರು ಸೀಮೆಯಲ್ಲಿ ಪಂಪು, ಟ್ರ್ಯಾಕ್ಟರು, ಅಕ್ಕಿ ಗಿರಣಿಗಳನ್ನು ರಿಪೇರಿ ಮಾಡಬಲ್ಲ ಕುಶಲಿಗಳಿಗೆ ಬರವಿಲ್ಲ. ಅವರಲ್ಲಿ ಹಳೆಯ ವಿದ್ಯಾರ್ಥಿಗಳಾದವರು ತಿಂಗಳಿಗೊಂದು ದಿನ ಶಾಲೆಯ ಪ್ರಯೋಗಾಲಯಕ್ಕೆ ಬಂದರೆ ಅದೂ ಒಂದು ಘನವಾದ ಕಾಣಿಕೆಯೇ. ದಾನಿಗಳು ತಮ್ಮ ಕೊಡುಗೆಯ ಒಂದು ಪಾಲನ್ನು ದುರಸ್ತಿಗೆಂದು ಮೀಸಲಿಟ್ಟರೆ ಶಿಕ್ಷಕರ ಅಂಜಿಕೆ ಕಳೆಯುತ್ತದೆ. ಕೈಯಾಡಿ ಸವೆದ ಉಪಕರಣವು ಶಾಲೆಗೆ ಅಪಕೀರ್ತಿಯಲ್ಲ. ಧೂಳು ಹಿಡಿದ ಹೊಸ ಉಪಕರಣವೇ ನಿಜವಾದ ನಷ್ಟ.