ಮಾ ಹುವಾಂಗ್ ಮತ್ತು ಎಫೆಡ್ರಿನ್

ಉಬ್ಬಸ ಕೆರಳಿದಾಗ ಶ್ವಾಸನಾಳಗಳನ್ನು ಸುತ್ತುವರಿದ ಸ್ನಾಯುಗಳು ಬಿಗಿದುಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಈ ಬಿಗಿತವನ್ನು ಸಡಿಲಿಸುವ ಮೂಲಿಕೆಯೊಂದನ್ನು ಚೀನಾದ ವೈದ್ಯರು ಸುಮಾರು ಎರಡು ಸಾವಿರ ವರ್ಷಗಳಿಂದ ಬಲ್ಲರು. ಅದೇ ಮಾ ಹುವಾಂಗ್. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಎಫೆಡ್ರಾ ಸಿನಿಕಾ ಎಂದು ಹೆಸರು. ಒಣ ಪ್ರದೇಶಗಳಲ್ಲಿ ಬೆಳೆಯುವ ಈ ಪೊದೆಯ ಎಲೆಗಳು ಸಣ್ಣ ಹುರುಪೆಗಳಂತಿದ್ದು ಮೇಲುನೋಟಕ್ಕೆ ಕಾಣಿಸುವುದೇ ಇಲ್ಲ. ಗಿಣ್ಣುಗಳುಳ್ಳ ಅದರ ಹಸುರು ಕಡ್ಡಿಗಳೇ ಔಷಧ.

ಸಸ್ಯಗಳಲ್ಲಿ ಹುಟ್ಟುವ, ಸಾರಜನಕವನ್ನೊಳಗೊಂಡ, ಆಮ್ಲದೊಡನೆ ಕೂಡಿ ಲವಣವಾಗುವ ವಸ್ತುಗಳನ್ನು ಸಸ್ಯಕ್ಷಾರ ಅಥವಾ ಆಲ್ಕಲಾಯ್ಡ್ ಎನ್ನುತ್ತೇವೆ. 1885ರಲ್ಲಿ ಜಪಾನಿನ ನಗಾಯಿ ನಗಾಯೋಶಿ ಮಾ ಹುವಾಂಗಿನಿಂದ ಅಂಥದೊಂದನ್ನು ಬೇರ್ಪಡಿಸಿದರು. ಅದೇ ಎಫೆಡ್ರಿನ್. ಆದರೆ ವೈದ್ಯಲೋಕದ ಗಮನ ಅದರತ್ತ ಹರಿದದ್ದು, ಪೀಕಿಂಗಿನಲ್ಲಿ ಕೆ. ಕೆ. ಚೆನ್ ಮತ್ತು ಕಾರ್ಲ್ ಷ್ಮಿಟ್ ನಡೆಸಿದ ಪ್ರಯೋಗಗಳು 1924ರಲ್ಲಿ ಪ್ರಕಟವಾದ ಬಳಿಕ. ಎಫೆಡ್ರಿನ್ ನಮ್ಮ ದೇಹದಲ್ಲೇ ಸ್ರವಿಸುವ ಅಡ್ರಿನಲಿನ್‌ನಂತೆ ರಕ್ತದ ಒತ್ತಡವನ್ನು ಏರಿಸುತ್ತದೆಂದು ಅವರು ತೋರಿಸಿದರು.

ಈ ಹೋಲಿಕೆಗೆ ಕಾರಣ ಅಣುರಚನೆಯಲ್ಲಿದೆ. ಅಡ್ರಿನಲಿನ್‌ನಲ್ಲಿ ಇಂಗಾಲದ 9, ಜಲಜನಕದ 13, ಸಾರಜನಕದ 1, ಆಮ್ಲಜನಕದ 3 ಪರಮಾಣುಗಳಿವೆ. ಎಫೆಡ್ರಿನ್‌ನಲ್ಲಿ ಇವು ಕ್ರಮವಾಗಿ 10, 15, 1 ಮತ್ತು 1. ಅಡ್ರಿನಲಿನ್‌ನ ಬೆಂಜೀನ್ ಉಂಗುರಕ್ಕೆ ಅಂಟಿರುವ ಎರಡು ಹೈಡ್ರಾಕ್ಸಿಲ್ ಗುಂಪುಗಳು ಎಫೆಡ್ರಿನ್‌ನಲ್ಲಿಲ್ಲ. ಬದಲಿಗೆ ಪಕ್ಕದ ಸರಪಳಿಯಲ್ಲಿ ಒಂದು ಮಿಥೈಲ್ ಗುಂಪು ಹೆಚ್ಚಾಗಿದೆ. ಇಷ್ಟು ಸಣ್ಣ ವ್ಯತ್ಯಾಸದ ಫಲ ದೊಡ್ಡದು. ಅಡ್ರಿನಲಿನ್ ನುಂಗಿದರೆ ಕರುಳು ಮತ್ತು ಯಕೃತ್ತಿನ ಕಿಣ್ವಗಳು ಅದನ್ನು ಬೇಗನೆ ಕೆಡಿಸುತ್ತವೆ. ಎಫೆಡ್ರಿನ್ ಅವುಗಳಿಂದ ಪಾರಾಗಿ ರಕ್ತವನ್ನು ಸೇರುತ್ತದೆ. ಅಲ್ಲಿಂದ ನರಗಳ ತುದಿಗಳನ್ನು ತಲಪಿ, ಅಲ್ಲಿ ಸಂಗ್ರಹವಾಗಿರುವ ನಾರಡ್ರಿನಲಿನ್ ಹೊರಬರುವಂತೆ ಮಾಡುತ್ತದೆ. ಕಷಾಯವಾಗಿ ಕುಡಿದ ಮಾ ಹುವಾಂಗ್ ಗುಣಕೊಟ್ಟ ರಹಸ್ಯ ಇದೇ.

ಆದರೆ ಈ ಅಣು ಶ್ವಾಸನಾಳವೊಂದನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಹೃದಯದ ಬಡಿತವನ್ನು ಹೆಚ್ಚಿಸುತ್ತದೆ, ನಿದ್ರೆಯನ್ನು ಕೆಡಿಸುತ್ತದೆ. ಆದುದರಿಂದಲೇ ಉಬ್ಬಸಕ್ಕೆ ಸಾಲ್ಬುಟಮಾಲ್‌ನಂಥ ಮದ್ದುಗಳು ಬಂದಮೇಲೆ ಇದು ಹಿಂದೆ ಸರಿಯಿತು. ಅಮೆರಿಕದಲ್ಲಿ ಮೈ ಇಳಿಸಲೆಂದು ಎಫೆಡ್ರಾ ಗುಳಿಗೆಗಳನ್ನು ಸೇವಿಸಿದ ಕೆಲವರು ಹೃದಯಾಘಾತ, ಪಾರ್ಶ್ವವಾಯುಗಳಿಗೆ ತುತ್ತಾದರು. 2004ರಲ್ಲಿ ಅಲ್ಲಿನ ಸರಕಾರ ಎಫೆಡ್ರಿನ್ ವರ್ಗದ ಸಸ್ಯಕ್ಷಾರಗಳುಳ್ಳ ಪೂರಕ ಆಹಾರಗಳನ್ನು ನಿಷೇಧಿಸಿತು. ಅತ್ತ ಶಸ್ತ್ರಚಿಕಿತ್ಸೆಗಾಗಿ ಬೆನ್ನುಹುರಿಯ ಬಳಿ ಅರಿವಳಿಕೆ ಕೊಟ್ಟಾಗ ರೋಗಿಯ ರಕ್ತದೊತ್ತಡ ಕುಸಿದರೆ, ಅದನ್ನು ಮೇಲೆತ್ತಲು ವೈದ್ಯರು ಇಂದಿಗೂ ಎಫೆಡ್ರಿನ್ ಚುಚ್ಚುತ್ತಾರೆ.

ಗಿಡಮೂಲಿಕೆಯೆಂದರೆ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ಬಹಳವಾಗಿದೆ. ಗಿಡದಲ್ಲಿ ಹುಟ್ಟಿದರೂ ಎಫೆಡ್ರಿನ್ ಪ್ರಬಲವಾದ ಔಷಧವೇ. ಅದರ ಪ್ರಮಾಣವನ್ನೂ, ಸೇವಿಸುವವನ ದೇಹಸ್ಥಿತಿಯನ್ನೂ ಅರಿತವರ ಕೈಯಲ್ಲಿ ಮಾತ್ರ ಅದರಿಂದ ಹಿತವನ್ನು ನಿರೀಕ್ಷಿಸಬಹುದು.