ಮುಯ್ಯಿ, ಬದು, ಸಂಘ: ಕಲಬುರಗಿ–ಕಮಲಾಪುರ ಪರಿಸರದಲ್ಲಿ ಪರಸ್ಪರ ನೆರವಿನ ಸ್ವರೂಪ

ಕನ್ನಡದ ‘ಮುಯ್ಯಿ’ ಎಂಬ ಪದಕ್ಕೆ ಎರಡು ಮುಖಗಳಿವೆ. ಮದುವೆಯ ಮನೆಯಲ್ಲಿ ನೆಂಟರಿಷ್ಟರು ಕೊಡುವ ಉಡುಗೊರೆ ಮುಯ್ಯಿ. ಹೊಲದ ಕೆಲಸಕ್ಕೆ ಒಬ್ಬರು ಇನ್ನೊಬ್ಬರಲ್ಲಿಗೆ ಹೋಗಿ ದುಡಿದು, ಮುಂದೆ ಅವರಿಂದ ಅಷ್ಟೇ ದುಡಿಮೆಯನ್ನು ಮರಳಿ ಪಡೆಯುವುದೂ ಮುಯ್ಯಿ. ಅದೇ ಪದ ‘ಮುಯ್ಯಿ ತೀರಿಸಿಕೊಳ್ಳು’ ಎಂಬ ನುಡಿಗಟ್ಟಿನಲ್ಲಿ ಹಗೆ ಸಾಧಿಸುವ ಅರ್ಥವನ್ನು ತಳೆಯುತ್ತದೆ. ಉಪಕಾರ ಮತ್ತು ಸೇಡು ಎರಡಕ್ಕೂ ಭಾಷೆ ಒಂದೇ ಹೆಸರನ್ನಿಟ್ಟಿರುವುದು ಆಕಸ್ಮಿಕವೆನಿಸುವುದಿಲ್ಲ. ಪಡೆದದ್ದನ್ನು ಮರಳಿಸಲೇಬೇಕೆಂಬ ಹೊಣೆ ಎರಡರಲ್ಲಿಯೂ ಸಮಾನ. ನೆರೆಹೊರೆಯವರು ಒಬ್ಬರಿಗೊಬ್ಬರು ಆಗುವ ಕ್ರಮವನ್ನು ಅಭ್ಯಸಿಸುವಾಗ ಈ ಹೊಣೆಯನ್ನು ಕಡೆಗಣಿಸಿ ಕೇವಲ ಔದಾರ್ಯವನ್ನು ಕಾಣುವುದು ವಾಡಿಕೆಯಾಗಿದೆ. ಕಲಬುರಗಿ ನಗರ ಹಾಗೂ ಅದರ ಈಶಾನ್ಯಕ್ಕೆ ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಪ್ರದೇಶದ ನಿದರ್ಶನಗಳು ಆ ವಾಡಿಕೆಯನ್ನು ಮರುಪರಿಶೀಲಿಸಲು ಅವಕಾಶ ಕಲ್ಪಿಸುತ್ತವೆ.

ಈ ಭಾಗದಲ್ಲಿ ಪರಸ್ಪರ ನೆರವನ್ನು ಕುರಿತ ಯಾವುದೇ ಚರ್ಚೆ ದಾಸೋಹದಿಂದ ಆರಂಭವಾಗುವುದು ಸಹಜ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು (1746–1822) ಒಕ್ಕಲುತನದಿಂದ ಬಂದವರು. ಹೊಲದ ಕಾಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರೆಂಬ ಐತಿಹ್ಯ ಇಂದಿಗೂ ಈ ಜಿಲ್ಲೆಯ ರೈತರ ಬಾಯಲ್ಲಿದೆ. ಖಾಜಾ ಬಂದೇನವಾಜರ (ಮರಣ 1422) ದರ್ಗಾದ ಅನ್ನದಾನವೂ ಅದೇ ನಗರದ್ದು. ಆದರೆ ‘ದಾಸೋಽಹಂ’ ಎಂಬುದರಿಂದ ನಿಷ್ಪನ್ನವಾದ ದಾಸೋಹದಲ್ಲಿ ನೀಡುವವನು ತನ್ನನ್ನು ದಾಸನೆಂದು ಭಾವಿಸಿಕೊಳ್ಳುತ್ತಾನೆ. ಉಂಡವನು ಮರಳಿ ಉಣಿಸಬೇಕೆಂಬ ಕರಾರು ಅಲ್ಲಿಲ್ಲ. ಮುಯ್ಯಿಯಲ್ಲಿ ಕರಾರಿದೆ. ಇದಕ್ಕೆ ತೀರ ವಿರುದ್ಧವಾದ ಮೂರನೆಯ ಪದ ‘ಬಿಟ್ಟಿ’. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಶಬ್ದ ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾದ ಬಲವಂತದ ದುಡಿಮೆಯನ್ನು ಸೂಚಿಸುತ್ತಿತ್ತು. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶದಲ್ಲಿ ‘ಬೇಗಾರ’ ಎಂಬ ಹೆಸರಿನಿಂದಲೂ ಅದು ಪರಿಚಿತ. ಹೊರನೋಟಕ್ಕೆ ಮೂರರಲ್ಲಿಯೂ ಹಣ ಕೈ ಬದಲಾಯಿಸುವುದಿಲ್ಲ. ಬಿಟ್ಟಿಯನ್ನು ಮುಯ್ಯಿಯೆಂದು ಹಾಡಿ ಹೊಗಳುವ ಅಪಾಯ ಜಾನಪದ ಅಧ್ಯಯನಗಳಲ್ಲಿ ಇಲ್ಲದಿಲ್ಲ.

ಮುಯ್ಯಾಳಿನ ಲೆಕ್ಕ ಸರಳ: ಆಳಿಗೆ ಆಳು, ದಿನಕ್ಕೆ ದಿನ. ಜೋಡೆತ್ತು ಇಲ್ಲದವನು ನೆರೆಯವನ ಗಳೆ ಪಡೆದರೆ ಅದರ ಋಣವನ್ನು ಹಲವು ದಿನದ ಮೈದುಡಿಮೆಯಿಂದ ತೀರಿಸುತ್ತಾನೆ. ತೊಗರಿ, ಬಿಳಿಜೋಳ, ಹೆಸರು, ಉದ್ದುಗಳ ಈ ನಾಡಿನಲ್ಲಿ ಕಸ ತೆಗೆಯುವ ಮತ್ತು ರಾಶಿ ಮಾಡುವ ದಿನಗಳು ಎಲ್ಲರಿಗೂ ಏಕಕಾಲಕ್ಕೆ ಬರುತ್ತವೆ. ಆದ್ದರಿಂದ ಯಾರ ಹೊಲಕ್ಕೆ ಮೊದಲು ಎಂಬುದೇ ಮುಯ್ಯಿಯ ನಿಜವಾದ ಪ್ರಶ್ನೆ. ಅದು ನ್ಯಾಯವಾಗಿ ತೀರ್ಮಾನವಾಗಬೇಕಾದರೆ ಕೂಡುವವರ ಹಿಡುವಳಿಗಳು ಹೆಚ್ಚುಕಡಿಮೆ ಸಮನಾಗಿರಬೇಕು. ಹತ್ತು ಕೂರಿಗೆ ಹೊಲದವನೂ ಒಂದು ಕೂರಿಗೆ ಹೊಲದವನೂ ಮುಯ್ಯಿ ಕೂಡಿದರೆ ಲೆಕ್ಕ ಸರಿಹೋಗದು. ಭೂಮಿಯೇ ಇಲ್ಲದವನಿಗಂತೂ ಮರಳಿ ಪಡೆಯಲು ಏನೂ ಇರುವುದಿಲ್ಲ. ಮುಯ್ಯಿ ಸಮಾನರ ನಡುವಿನ ವ್ಯವಹಾರವಾಗಿತ್ತೆಂಬುದನ್ನೂ, ಜಾತಿಯ ಗೆರೆಯನ್ನು ಅದು ಸುಲಭವಾಗಿ ದಾಟಲಿಲ್ಲವೆಂಬುದನ್ನೂ ಮರೆಯಲಾಗದು. ಕೂಲಿಯ ಹಣ ಮತ್ತು ರಾಶಿಯಂತ್ರ ಬಂದಮೇಲೆ ಅದು ಹಿಂಜರಿಯಿತು. ಆದರೆ ಮದುವೆಯ ಮುಯ್ಯಿ ಉಳಿಯಿತು: ಚಪ್ಪರದ ಮೂಲೆಯಲ್ಲಿ ನೋಟುಬುಕ್ಕು ಹಿಡಿದು ಕುಳಿತವನು ಕೊಟ್ಟವರ ಹೆಸರು ಮತ್ತು ಮೊತ್ತವನ್ನು ಬರೆದುಕೊಳ್ಳುತ್ತಾನೆ. ಆ ಪುಸ್ತಕವನ್ನು ಮುಂದೆ ಅವರ ಮನೆಯ ಮದುವೆಯ ಮುನ್ನಾದಿನ ತೆಗೆದು ನೋಡಲಾಗುತ್ತದೆ.

ಗುಂಪಿನ ಕರಾರು ಈ ನೆಲಕ್ಕೆ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರನನ್ನು ಕಲಬುರಗಿ ಜಿಲ್ಲೆಯ ಮರ್ತೂರಿನೊಡನೆ ಸಂಬಂಧ ಕಲ್ಪಿಸಿ ಹೇಳಲಾಗುತ್ತದೆ. ಅವನ ‘ಮಿತಾಕ್ಷರಾ’ವನ್ನು ದಾಯಭಾಗಕ್ಕಾಗಿಯೇ ಓದುವುದು ರೂಢಿ. ಆದರೆ ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ‘ಸಂವಿದ್ ವ್ಯತಿಕ್ರಮ’, ‘ಸಂಭೂಯ ಸಮುತ್ಥಾನ’ ಎಂಬ ಪ್ರಕರಣಗಳೂ ಇವೆ. ಮೊದಲನೆಯದು ಸಮೂಹದ ಒಡಂಬಡಿಕೆಯನ್ನು ಮುರಿಯುವುದನ್ನು, ಎರಡನೆಯದು ಕೂಡಿ ಮಾಡುವ ಉದ್ಯಮವನ್ನು ಕುರಿತದ್ದು. ಗಣದ ದ್ರವ್ಯವನ್ನು ಅಪಹರಿಸಿದವನಿಗೆ ಅಲ್ಲಿ ಸರ್ವಸ್ವಹರಣ ಮತ್ತು ಗಡಿಪಾರಿನ ಶಿಕ್ಷೆ ಹೇಳಲಾಗಿದೆ. ಶಿಕ್ಷೆಯ ಈ ಕಾಠಿಣ್ಯವೇ ಕೂಡುಹಣ ಎಷ್ಟು ಸುಲಭವಾಗಿ ಕೈತಪ್ಪುತ್ತಿತ್ತೆಂಬುದಕ್ಕೆ ಸಾಕ್ಷಿಯಾಗಬಹುದು. ಆಧುನಿಕ ಕಾಲದಲ್ಲಿ 1904ರ ಕಾಯಿದೆಯ ಬೆನ್ನಲ್ಲೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದ್ದು ಸರ್ವವಿದಿತ.

ಕಮಲಾಪುರದ ಅನುಭವ ಈ ಸಹಕಾರ ಚಳವಳಿಯ ಸೋಲಿನಿಂದ ಹುಟ್ಟಿದ್ದು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾದ ಕಮಲಾಪುರ ಅದುವರೆಗೆ ಕಲಬುರಗಿ ತಾಲ್ಲೂಕಿಗೆ ಸೇರಿತ್ತು. ಹೊರಗಿನವರಿಗೆ ಅದು ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯ ಊರು. ಸುತ್ತಣ ಏರುತಗ್ಗಿನ ಮಳೆಯಾಶ್ರಿತ ನೆಲದ ರೈತರ ಮತ್ತು ಲಂಬಾಣಿ ತಾಂಡಾಗಳ ಬದುಕು ಬೇರೆಯೇ. 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾಗಿ ಅನಂತರ ಗ್ರಾಮೀಣಾಭಿವೃದ್ಧಿಯತ್ತ ತಿರುಗಿದ ‘ಮೈರಾಡ’ ಸಂಸ್ಥೆ, 1980ರ ದಶಕದ ಮಧ್ಯಭಾಗದಲ್ಲಿ ರಾಜ್ಯ ಸರಕಾರ ಹಾಗೂ ಸ್ವಿಟ್ಜರ್‌ಲೆಂಡಿನ ಅಭಿವೃದ್ಧಿ ನೆರವಿನೊಡನೆ ಇಲ್ಲಿ ಸಹಭಾಗಿತ್ವದ ಜಲಾನಯನ ಯೋಜನೆಯನ್ನು ಕೈಗೊಂಡಿತು. ಅದರ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪ ‘ಪಿಡೊ’.

ಯೋಜನೆ ಎದುರಿಸಿದ ಮೊದಲ ತೊಡಕು ಬದುವಿನದು. ಇಲಾಖೆಯ ಶಾಸ್ತ್ರದ ಪ್ರಕಾರ ಮಣ್ಣಿನ ಸವಕಳಿ ತಡೆಯಲು ಸಮಪಾತಳಿ ಬದು ಹಾಕಬೇಕು. ಅಂದರೆ ನೆಲದ ಒಂದೇ ಎತ್ತರದ ಬಿಂದುಗಳನ್ನು ಕೂಡಿಸುತ್ತ ಬದು ಸಾಗಬೇಕು. ಆದರೆ ಆ ರೇಖೆಗೆ ಹೊಲದ ಮೇರೆ ಗೊತ್ತಿಲ್ಲ. ಅದು ಸಣ್ಣ ಹೊಲವನ್ನು ಓರೆಯಾಗಿ ಸೀಳುತ್ತದೆ, ಎತ್ತು ತಿರುಗಿಸಲು ಎಡೆಯಿಲ್ಲದ ಮೂಲೆಗಳನ್ನು ಬಿಡುತ್ತದೆ, ಒಬ್ಬನ ಹೊಲದ ನೀರನ್ನು ಇನ್ನೊಬ್ಬನ ಪೈರಿನ ಮೇಲೆ ಹರಿಸುತ್ತದೆ. ಸರಕಾರ ಕಟ್ಟಿದ ಬದುಗಳನ್ನು ರೈತರು ಗಳೆ ಹೊಡೆದು ಕೆಡವಿದುದಕ್ಕೆ ಕಾರಣ ಅಜ್ಞಾನವಲ್ಲ. ಅವರದೇ ಕ್ರಮವೊಂದಿತ್ತು: ಇಬ್ಬರ ಹೊಲಗಳ ನಡುವಿನ ಮೇರೆಯ ಮೇಲೆಯೇ ಬದು ಹಾಕಿ, ಹೊಲದಲ್ಲಿ ಆರಿಸಿದ ಕಲ್ಲನ್ನು ಅದಕ್ಕೆ ಸೇರಿಸುತ್ತ, ಮಣ್ಣು ಸೇರಿದಂತೆಲ್ಲ ವರುಷ ವರುಷ ಎತ್ತರಿಸುತ್ತ ಹೋಗುವುದು, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿ ಇಡುವುದು, ಹಳ್ಳದ ಕೊರಕಲಿಗೆ ಅಡ್ಡಗಲ್ಲು ಕಟ್ಟಿ ಹರಿದುಬಂದ ಮೆಕ್ಕಲು ಹಿಡಿದು ಹೊಸ ಹೊಲವನ್ನೇ ಮಾಡಿಕೊಳ್ಳುವುದು. ಯೋಜನೆಯಲ್ಲಿದ್ದ ಪ್ರೇಮಕುಮಾರ್ ಅವರು ರೈತರೇ ಎಂಜಿನಿಯರರು ಎಂಬರ್ಥದ ಶೀರ್ಷಿಕೆಯಲ್ಲಿ 1994ರಲ್ಲಿ ಈ ಪದ್ಧತಿಗಳನ್ನು ದಾಖಲಿಸಿದರು.

ಇಲ್ಲಿ ಗಮನಿಸಬೇಕಾದುದು ಕೋಡಿಯ ಸ್ಥಾನ. ಮೇಲಿನ ಹೊಲದ ಕೋಡಿ ಎಲ್ಲಿರಬೇಕೆಂಬುದನ್ನು ಕೆಳಗಿನ ಹೊಲದವನ ಒಪ್ಪಿಗೆಯಿಲ್ಲದೆ ನಿರ್ಧರಿಸಲಾಗದು. ನೀರಿನ ಹರಿವು ಹೊಲದಿಂದ ಹೊಲಕ್ಕೆ ಇಳಿಯುವುದರಿಂದ ಒಪ್ಪಂದಗಳ ಸರಣಿಯೂ ಹಾಗೆಯೇ ಇಳಿಯುತ್ತದೆ. ಆದಕಾರಣ ಬದು ಕೇವಲ ಮಣ್ಣಿನ ರಚನೆಯಲ್ಲ. ಅಕ್ಕಪಕ್ಕದವರ ಮಾತುಕತೆಯ ಫಲ. ಇಡೀ ಊರಿಗೊಂದು ಸಮಿತಿ ರಚಿಸಿದರೆ ಆ ಮಾತುಕತೆ ಸಾಧ್ಯವಾಗಲಿಲ್ಲ, ಏಕೆಂದರೆ ಸಮಿತಿಯಲ್ಲಿ ಮಾತನಾಡುವವರು ದೊಡ್ಡ ಹಿಡುವಳಿದಾರರು. ಒಂದೇ ಕಿರು ಜಲಾನಯನದ ರೈತರು ಕೂಡಿದಾಗ ಅದು ಸಾಧ್ಯವಾಯಿತು. 1990ರ ಆಸುಪಾಸಿನಲ್ಲಿ ಜೇಮ್ಸ್ ಮಸ್ಕರೇನ್ಹಸ್ ಮೊದಲಾದ ಮೈರಾಡದ ಕಾರ್ಯಕರ್ತರು ಬೆಳೆಸಿದ ಸಹಭಾಗಿ ಅವಲೋಕನ ವಿಧಾನ, ಅಂದರೆ ಹಳ್ಳಿಗರೇ ಬಣ್ಣದ ಪುಡಿ, ಕಲ್ಲು, ಕಾಳುಗಳಿಂದ ನೆಲದ ಮೇಲೆ ತಮ್ಮೂರಿನ ನಕ್ಷೆ ಬಿಡಿಸುವುದು, ರಾಬರ್ಟ್ ಚೇಂಬರ್ಸ್ ಅವರ ಬರಹಗಳ ಮೂಲಕ ಜಗತ್ತಿನ ಇತರೆಡೆಗೆ ತಲುಪಿತು. ರಂಗೋಲಿ ಹಾಕಬಲ್ಲವರಿಗೆ ಈ ನಕ್ಷೆ ಅಷ್ಟೇನೂ ಹೊಸ ವಿದ್ಯೆಯಾಗಿರಲಿಲ್ಲವೆಂಬುದನ್ನು ಪ್ರತ್ಯೇಕ ಹೇಳಬೇಕಿಲ್ಲ.

ಹಣದ ವಿಷಯದಲ್ಲಿಯೂ ಇದೇ ಪಾಠ ಪುನರಾವರ್ತನೆಯಾಯಿತು. 1984–85ರ ವೇಳೆಗೆ ಕರ್ನಾಟಕದಲ್ಲಿ ಮೈರಾಡ ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಸಾಲವೂ ಅಧಿಕಾರವೂ ಕೆಲವರ ಕೈಯಲ್ಲಿ ಸೇರಿದ್ದೇ ಅದಕ್ಕೆ ಕಾರಣ. ಹೊರಬಂದ ಸದಸ್ಯರು ತಾವು ನಂಬುವ ಕೆಲವರೊಡನೆ ಚಿಕ್ಕ ಗುಂಪು ಕಟ್ಟಿಕೊಂಡು, ಸಂಘಕ್ಕೆ ಕೊಡಬೇಕಾದ ಸಾಲವನ್ನು ಈ ಗುಂಪಿಗೆ ತೀರಿಸುವುದಾಗಿ ತಿಳಿಸಿದರು. ಸ್ವಸಹಾಯ ಸಂಘಗಳ ಆರಂಭ ಹೀಗಾಯಿತು. ಆಗಿನ ನಿರ್ದೇಶಕ ಅಲೋಷಿಯಸ್ ಪ್ರಕಾಶ್ ಫರ್ನಾಂಡಿಸ್ ಅವರು ಇಂಥ ಗುಂಪುಗಳ ತಳಹದಿಯನ್ನು ‘ಒಲವಿನ ನಂಟು’ ಎಂದು ಅನುವಾದಿಸಬಹುದಾದ ಪದದಿಂದ ಗುರುತಿಸಿದರು. ಈ ನಂಟನ್ನು ಕಾರ್ಯಕರ್ತರು ಸೃಷ್ಟಿಸುವುದಿಲ್ಲ. ಅದು ಮೊದಲೇ ಇರುತ್ತದೆ, ಅದನ್ನು ಗುರುತಿಸುವುದಷ್ಟೇ ಅವರ ಕೆಲಸ ಎಂಬುದು ಅವರ ವಾದದ ತಿರುಳು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ದೇಶದ ಮಟ್ಟದಲ್ಲಿ ಆರಂಭವಾಯಿತು. ರಾಜ್ಯದ ‘ಸ್ತ್ರೀಶಕ್ತಿ’ ಯೋಜನೆ 2000ದಲ್ಲಿ ಬಂದಿತು. ಅಲ್ಲಿಂದ ಮುಂದಿನದು ಸಂಖ್ಯೆಗಳ ಕಥೆ.

ಸಂಘದ ಒಳಗಿನ ಕಟ್ಟಳೆಗಳು ಸಂಖ್ಯೆಗಳಿಗಿಂತ ಹೆಚ್ಚು ಅರ್ಥಪೂರ್ಣ. ಸದಸ್ಯರು ಸಾಮಾನ್ಯವಾಗಿ 15ರಿಂದ 20. ಇಪ್ಪತ್ತು ಮೀರಿದರೆ ನೋಂದಣಿಯ ಕಾನೂನು ಅಡ್ಡಬರುತ್ತಿತ್ತು. ವಾರಕ್ಕೊಮ್ಮೆ ಸಭೆ, ಸಮನಾದ ಉಳಿತಾಯ, ತಡವಾದರೆ ದಂಡ, ಸರದಿಯ ಮೇಲೆ ಮುಂದಾಳತ್ವ. ಹಣದ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಕೀಲಿ ಇನ್ನೊಬ್ಬಳಲ್ಲಿ ಇರುವುದು ಹಲವೆಡೆ ರೂಢಿಯಾಯಿತು. ಪರಸ್ಪರ ನಂಬಿಕೆಯಿಂದ ಕೂಡಿದವರು ಹೀಗೇಕೆ ಕೀಲಿ ಬೇರ್ಪಡಿಸಬೇಕು? ನಂಬಿಕೆಯನ್ನು ಪರೀಕ್ಷೆಗೆ ಒಡ್ಡದಿರುವುದೇ ಅದನ್ನು ಕಾಯುವ ದಾರಿಯೆಂಬ ತಿಳಿವಳಿಕೆ ಇದರ ಹಿಂದಿದೆ. ತಾಂಡಾಗಳಲ್ಲಿ ನಾಯಕ, ಡಾವ್, ಕಾರಭಾರಿಗಳ ‘ನಸಾಬ್’ ಪಂಚಾಯ್ತಿಯ ತೀರ್ಮಾನಕ್ಕೆ ಒಗ್ಗಿದ್ದ ಹೆಣ್ಣುಮಕ್ಕಳಿಗೆ, ತಾವೇ ಸಾಲ ಮಂಜೂರು ಮಾಡುವ, ತಾವೇ ದಂಡ ಹಾಕುವ ಈ ಸಭೆ ಬೇರೆ ಬಗೆಯ ನ್ಯಾಯಪೀಠವಾಯಿತು.

ಕಲಬುರಗಿ ನಗರದ ಓಣಿಗಳಲ್ಲಿ ಇದೇ ತತ್ತ್ವ ಯಾವ ಸಂಸ್ಥೆಯ ನೆರವೂ ಇಲ್ಲದೆ ‘ಭೀಸಿ’ಯ ರೂಪದಲ್ಲಿ ನಡೆಯುತ್ತದೆ. ಉದಾಹರಣೆಗೆ, ಹನ್ನೆರಡು ಮಂದಿ ತಿಂಗಳಿಗೆ 1000 ರೂಪಾಯಿ ಹಾಕಿದರೆ ಪ್ರತಿ ತಿಂಗಳು ಒಬ್ಬರಿಗೆ 12,000 ಸಿಗುತ್ತದೆ. ಮೊದಲ ತಿಂಗಳು ಪಡೆದವಳಿಗೆ ಅದು ಬಡ್ಡಿಯಿಲ್ಲದ ಸಾಲ; ಕೊನೆಯ ತಿಂಗಳು ಪಡೆದವಳಿಗೆ ಬಡ್ಡಿಯಿಲ್ಲದ ಉಳಿತಾಯ. ಕೊನೆಯವಳು ಹನ್ನೊಂದು ತಿಂಗಳು ಉಳಿದವರಿಗೆ ಸಾಲ ಕೊಟ್ಟಂತಾಯಿತು. ಚೀಟಿ ಎತ್ತುವ ಬದಲು, ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಬಂದವಳಿಗೆ ಮೊದಲ ಸರದಿ ಬಿಟ್ಟುಕೊಡುವ ಭೀಸಿ ಮುಯ್ಯಿಗೆ ಸಮೀಪ. ಹರಾಜು ಕೂಗುವ ಭೀಸಿ ಅಂಗಡಿಗೆ ಸಮೀಪ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದುದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ಹೋಗಿದ್ದ ಕೂಲಿಕಾರರು ಸಾವಿರಾರು ಸಂಖ್ಯೆಯಲ್ಲಿ ಜಿಲ್ಲೆಗೆ ಮರಳಿದರು. ಅವರಲ್ಲಿ ತಾಂಡಾಗಳವರ ಪಾಲು ದೊಡ್ಡದು. ಶಾಲೆ, ವಸತಿನಿಲಯಗಳು ಪ್ರತ್ಯೇಕವಾಸದ ತಾಣಗಳಾದವು. ರಾಜ್ಯದ ಸ್ವಸಹಾಯ ಸಂಘಗಳ ಮಹಿಳೆಯರು ಮುಖಗವಸು ಹೊಲಿದರು. ಆ ದಿನಗಳಲ್ಲಿ ನೆರೆಮನೆಯವನೇ ಭಯದ ಮೂಲವಾದ. ಅವನಿಗೆ ಅನ್ನದ ಬುತ್ತಿಯನ್ನು ದೂರದಲ್ಲಿ ಇಟ್ಟು ಬರುವುದು ನೆರವಿನ ಹೊಸ ಶಿಷ್ಟಾಚಾರವಾಯಿತು.

ತೀವ್ರವಾದ ಬಿಕ್ಕಟ್ಟು ಬೇರೆ ಕಡೆಯಿಂದ ಬಂದಿತು. ಗುಂಪಿನ ಮರುಪಾವತಿ ಉತ್ತಮವೆಂದು ಕಂಡುಕೊಂಡ ಕಿರುಸಾಲ ಕಂಪನಿಗಳು ‘ಜಂಟಿ ಹೊಣೆ’ಯ ಗುಂಪುಗಳನ್ನು ಕಟ್ಟಿದವು. ಹೆಸರು ಗುಂಪಿನದಾದರೂ ರಚನೆ ತಲೆಕೆಳಗು. ಸ್ವಸಹಾಯ ಸಂಘದಲ್ಲಿ ಹಣ ಸದಸ್ಯರದು, ತೀರ್ಮಾನವೂ ಅವರದು. ಇಲ್ಲಿ ಹಣ ಹೊರಗಿನದು, ತೀರ್ಮಾನವೂ ಹೊರಗಿನದು, ಹೊಣೆ ಮಾತ್ರ ನೆರೆಯವರದು. ಸಂಘದ ಸಭೆಯಲ್ಲಿ ಮಳೆ ಕೈಕೊಟ್ಟ ವರುಷ ಒಬ್ಬಳ ಕಂತನ್ನು ಮುಂದೂಡಲು ಅವಕಾಶವಿತ್ತು, ಏಕೆಂದರೆ ಮಳೆ ಬಾರದ್ದನ್ನು ಎಲ್ಲರೂ ಕಂಡಿದ್ದರು. ಜಂಟಿ ಹೊಣೆಯಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದವರು ಅವಳ ಬಾಗಿಲಿಗೆ ಹೋಗಿ ಕೂರಬೇಕು. ಮುಯ್ಯಿಯ ಎರಡನೆಯ ಅರ್ಥ ಮೇಲೆದ್ದು ಬರುವುದು ಆಗ. ವಸೂಲಿಯ ಕಿರುಕುಳದಿಂದ ಊರು ತೊರೆದವರ, ಪ್ರಾಣ ಕಳೆದುಕೊಂಡವರ ವರದಿಗಳು ರಾಜ್ಯದಾದ್ಯಂತ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಕಿರುಕುಳ ನೀಡುವ ಕೈಗಳಿಗೆ ಕಾನೂನು ಶಿಕ್ಷೆ ವಿಧಿಸಬಲ್ಲದು. ಆದರೆ ಬಾಗಿಲಲ್ಲಿ ಕೂರುವಂತೆ ಮಾಡಲ್ಪಟ್ಟ ನೆರೆಯವಳೂ ಮನೆಯೊಳಗಿನವಳೂ ಮರುದಿನ ಒಂದೇ ನಳದ ಬಳಿ ಕೊಡ ಹಿಡಿದು ನಿಲ್ಲಬೇಕಾದವರು.

ಕನ್ನಡ ಅಧ್ಯಯನಕ್ಕೆ ಇಲ್ಲಿ ಒದಗುವ ಆಕರಗಳು ಗ್ರಂಥಾಲಯದ ಕಪಾಟಿನವಲ್ಲ. ಮದುವೆಯ ಮುಯ್ಯಿಪುಸ್ತಕ, ಭೀಸಿಯ ಸರದಿಪಟ್ಟಿ, ಸಂಘದ ನಡಾವಳಿ ಪುಸ್ತಕ ಇವುಗಳನ್ನು ಬರೆದವರು ಬಹುಮಟ್ಟಿಗೆ ಓಣಿಯ ಶಾಲೆ ಓದಿದ ಮಗ ಅಥವಾ ಮಗಳು. ‘ಗೈರು’, ‘ಬಾಕಿ’, ‘ಜಮಾ’ ಎಂಬ ದಫ್ತರದ ಮಾತುಗಳ ನಡುವೆ ಆಡುನುಡಿ ನುಸುಳುತ್ತದೆ, ಸಾಲದ ಕಾರಣದ ಅಂಕಣದಲ್ಲಿ ಎಮ್ಮೆ, ಬೀಜ, ಬಾಣಂತನಗಳು ಒಂದರ ಕೆಳಗೊಂದು ಬರುತ್ತವೆ, ತಳದಲ್ಲಿ ಸಹಿಗಳೂ ಹೆಬ್ಬೆಟ್ಟುಗಳೂ ಬೆರೆತಿರುತ್ತವೆ. ಹಳೆಯ ಪುಟಗಳಿಂದ ಹೊಸ ಪುಟಗಳತ್ತ ಸಾಗಿದಂತೆ ಹೆಬ್ಬೆಟ್ಟುಗಳ ಜಾಗದಲ್ಲಿ ಒಂದೊಂದೇ ಸಹಿ ಕಾಣಿಸಿಕೊಳ್ಳುವ ಪುಸ್ತಕಗಳೂ ಅವುಗಳಲ್ಲಿವೆ.