ನಮ್ಮ ಹೊಲಕ್ಕೆ ಮಂದಿ ಮಗು ಬಂದು ಬಿದ್ದರೆ ಹೊಣೆ ಯಾರು?

ಇಜೇರಿಯ ನಮ್ಮ ಹೊಲದ ಬದುವಿನಲ್ಲಿ ಒಂದು ಫೇಲ್ ಆದ ಬೋರ್ ಇದೆ. 400 ಅಡಿ ಕೊರೆಸಿದರೂ ಧೂಳು ಬಿಟ್ಟರೆ ಬೇರೇನೂ ಬರಲಿಲ್ಲ. ದುಡ್ಡು ಉಳಿಯಲಿ ಅಂತ ಕೇಸಿಂಗ್ ಪೈಪನ್ನೂ ಕಿತ್ತು ವಾಪಸ್ ಕೊಟ್ಟಿದ್ದರು. ಬಾಯಿಗೆ ಒಂದು ಶಹಾಬಾದ್ ಚಪ್ಪಡಿ, ಅದರ ಮೇಲೆ ಮಣ್ಣು ತುಂಬಿದ ಗೊಬ್ಬರದ ಚೀಲ. ತೊಗರಿ ರಾಶಿಗೆ ಅಂತ ಊರಿಗೆ ಹೋದಾಗ ನೋಡಿದೆ: ಚೀಲ ಹರಿದು ಮಣ್ಣು ಸೋರಿದೆ, ಚಪ್ಪಡಿ ಒಂದು ಗೇಣು ಸರಿದಿದೆ. ಕುರಿ ಕಾಯುವ ಹುಡುಗರು ನೆರಳಿಗೆ ಕೂರುವ ಬೇವಿನ ಮರ ಅಲ್ಲಿಂದ ಹತ್ತು ಹೆಜ್ಜೆ.

ಅಪ್ಪನಿಗೆ ಹೇಳಿದೆ. ಅವರ ಉತ್ತರ ಸರಳ. "ಮಂದಿ ಹುಡುಗ್ರು ನಮ್ಮ ಹೊಲದಾಗ ಯಾಕ ಬರಬೇಕು? ಬಂದು ಬಿದ್ರ ಅವರಪ್ಪ ಅವ್ವ ನೋಡ್ಕೋಬೇಕು. ನಾವೇನ್ ಕರ್ದೀವೇನು?"

ಈ ಮಾತನ್ನು ಅಪ್ಪ ಒಬ್ಬರೇ ಹೇಳುವುದಿಲ್ಲ. ಎಲ್ಲೇ ಮಗು ಬೋರಿಗೆ ಬಿದ್ದ ಸುದ್ದಿ ಟಿವಿಯಲ್ಲಿ ಬಂದರೂ ಹೋಟೆಲಿನಲ್ಲಿ ಮೊದಲು ಕೇಳಿಬರುವುದು ಇದೇ. ನ್ಯಾಯವಾದ ಮಾತಿನ ಹಾಗೇ ಇದೆ. ಆದರೆ ಕಾನೂನು ಇದನ್ನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಅನ್ನುವುದು ಜಮೀನಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಮೊದಲು 'ಅತಿಕ್ರಮ ಪ್ರವೇಶ' ಅನ್ನುವ ಪದ. ಅದು ಅಪರಾಧ ಆಗಬೇಕಾದರೆ ಒಳಗೆ ಬಂದವರಿಗೆ ಕೆಟ್ಟ ಉದ್ದೇಶ ಇರಬೇಕು. ಬಾರೆಹಣ್ಣು ಆರಿಸಲು ಬಂದ ಹುಡುಗಿಗೆ ಏನು ಉದ್ದೇಶ? ಏಳು ವರ್ಷದೊಳಗಿನ ಮಗು ಏನೇ ಮಾಡಿದರೂ ಅದು ಅಪರಾಧವೇ ಅಲ್ಲ ಅಂತ ಹಳೆಯ ದಂಡ ಸಂಹಿತೆಯೂ ಹೇಳಿತ್ತು, 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಕಾನೂನಿನ ಲೆಕ್ಕದಲ್ಲಿ ಆ ಮಗು ಕಳ್ಳನೂ ಅಲ್ಲ, ನುಗ್ಗಿ ಬಂದವನೂ ಅಲ್ಲ.

ಇನ್ನು ಪರಿಹಾರದ ಪ್ರಶ್ನೆ. ಈ ಜಗಳ ಹಳೆಯದು. ಅಮೆರಿಕದಲ್ಲಿ ರೈಲ್ವೆಯವರು ಬೀಗ ಹಾಕದೆ ಬಿಟ್ಟಿದ್ದ, ಇಂಜಿನ್ ತಿರುಗಿಸುವ ಚಕ್ರದ ಮೇಲೆ ಆಡುತ್ತಿದ್ದ ಆರು ವರ್ಷದ ಮಗುವಿನ ಕಾಲು ಜಖಂ ಆಯಿತು. ಜಾಗ ರೈಲ್ವೆಯದೇ, ಮಗುವನ್ನು ಯಾರೂ ಕರೆದಿರಲಿಲ್ಲ. ಆದರೂ 1873ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರೈಲ್ವೆಯ ಹೊಣೆಯನ್ನು ಎತ್ತಿಹಿಡಿಯಿತು. ಬ್ರಿಟನ್ನಿನವರು ಇನ್ನೂ ನೂರು ವರ್ಷ ತಡ ಮಾಡಿದರು. ಮುರಿದ ಬೇಲಿ ದಾಟಿ ಕರೆಂಟಿನ ಹಳಿ ಮುಟ್ಟಿದ ಆರು ವರ್ಷದ ಹುಡುಗನ ಕೇಸಿನಲ್ಲಿ, 1972ರಲ್ಲಿ ಅವರ ಉಚ್ಚ ನ್ಯಾಯಪೀಠ ಹಳೆಯ ಕಠಿಣ ನಿಯಮ ಬಿಟ್ಟಿತು. ಅಲ್ಲಿ ಮುಖ್ಯವಾದ ಅಂಶ ಒಂದೇ: ಮಕ್ಕಳು ಹಳಿ ಮೇಲೆ ಓಡಾಡುತ್ತಿದ್ದಾರೆ ಅಂತ ಸ್ಟೇಷನ್ ಮಾಸ್ಟರಿಗೆ ಮೊದಲೇ ತಿಳಿಸಲಾಗಿತ್ತು. ಗೊತ್ತಿದ್ದೂ ಬೇಲಿ ಸರಿಮಾಡಲಿಲ್ಲ. ನಮ್ಮ ನ್ಯಾಯಾಲಯಗಳೂ ಇಂಥ ಪ್ರಕರಣಗಳಲ್ಲಿ ಕೇಳುವುದು ಇದನ್ನೇ. ಅಪಾಯ ನಿಮಗೆ ಗೊತ್ತಿತ್ತೇ? ಮಕ್ಕಳು ಬರುತ್ತಾರೆ ಅಂತ ಊಹಿಸಬಹುದಿತ್ತೇ? ತಪ್ಪಿಸಲು ಎಷ್ಟು ಖರ್ಚಾಗುತ್ತಿತ್ತು?

ಬೇವಿನ ಮರ ನೆನಪಾಯಿತು. ನಮಗೆ ಮೂರೂ ಗೊತ್ತಿತ್ತು.

ಬೋರಿನ ವಿಷಯದಲ್ಲಂತೂ ಊಹೆಗೂ ಜಾಗ ಇಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಇಡೀ ದೇಶಕ್ಕೆ ನಿಯಮ ಕೊಟ್ಟಿದೆ. ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಸುತ್ತ ಮುಳ್ಳುತಂತಿ ಬೇಲಿ, ಮಾಲೀಕರ ಮತ್ತು ಕೊರೆಯುವವರ ವಿಳಾಸ ಇರುವ ಬೋರ್ಡು. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ವೆಲ್ಡಿಂಗ್ ಮಾಡಿದ ಅಥವಾ ನಟ್ಟು ಬೋಲ್ಟಿನ ಮುಚ್ಚಳ. ನೀರು ಬರದೆ ಕೈಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲು ಹಾಕಿ ತುಂಬಬೇಕು. ಚಪ್ಪಡಿ ಮತ್ತು ಗೊಬ್ಬರದ ಚೀಲದ ಮಾತು ಎಲ್ಲೂ ಇಲ್ಲ.

ಇಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಬಂದವನು ನಾನು, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ಬೋರು ಆರೂವರೆ ಇಂಚು ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಕೇಸಿಂಗ್ ಕೂರಿಸಲು ಮೇಲಿನ ಮಣ್ಣಿನ ಭಾಗವನ್ನು ಅದಕ್ಕಿಂತ ಅಗಲವಾಗಿ ಕೊರೆದಿರುತ್ತಾರೆ. ಪೈಪು ಕಿತ್ತಮೇಲೆ ಆ ಅಗಲದ ಬಾಯಿ ತೆರೆದು ಉಳಿಯುತ್ತದೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕುಸಿಯುತ್ತದೆ. ಪ್ರತಿ ವರ್ಷ ಬಾಯಿ ಇನ್ನಷ್ಟು ದೊಡ್ಡದು. ಪೈಪು ವಾಪಸ್ ಕೊಟ್ಟು ಉಳಿಸಿದ ದುಡ್ಡು ಎಲ್ಲಿ ಹೋಯಿತು ಅಂತ ಆಗ ಗೊತ್ತಾಗುತ್ತದೆ.

2024ರ ಏಪ್ರಿಲ್‌ನಲ್ಲಿ ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗು ತಲೆಕೆಳಗಾಗಿ ಬೋರಿಗೆ ಬಿತ್ತು. ಸುಮಾರು 20 ಗಂಟೆ ಪಕ್ಕದಲ್ಲಿ ಗುಂಡಿ ತೋಡಿ ಜೀವಂತ ತೆಗೆದರು. ಊರೂರಲ್ಲಿ ಪೂಜೆ, ಟಿವಿಯಲ್ಲಿ ನೇರಪ್ರಸಾರ. ಆದರೆ 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಆರು ವರ್ಷದ ಹುಡುಗಿ ಬದುಕಿ ಬರಲಿಲ್ಲ. ಎರಡು ದಿನ ದಾಟಿದ ಮೇಲೆ ಸಿಕ್ಕಿದ್ದು ಶವ. ಈ ಎರಡಕ್ಕೂ ಒಂದು ವ್ಯತ್ಯಾಸ ಇದೆ, ನಾವು ಅದನ್ನು ಗಮನಿಸುವುದಿಲ್ಲ. ಲಚ್ಯಾಣದ ಬೋರು ಮಗುವಿನ ಮನೆಯವರ ಜಮೀನಿನದೇ. ಝುಂಜರವಾಡದ್ದು ಬೇರೆಯವರ ಹೊಲದ್ದು. ಮೊದಲನೆಯದರಲ್ಲಿ ಯಾರು ಯಾರ ಮೇಲೆ ದಾವೆ ಹೂಡಬೇಕು? ಎರಡನೆಯದರಲ್ಲಿ ದಾವೆಯ ಹಕ್ಕು ಸ್ಪಷ್ಟ. ಆದರೆ ಅಂಥ ಹಕ್ಕು ಇರುವ ಕುಟುಂಬ ಸಾಮಾನ್ಯವಾಗಿ ಕೂಲಿಯದು, ಹೊಲ ಇರುವವರು ಕೂಲಿ ಕೊಡುವವರು.

ಲಚ್ಯಾಣದ ಘಟನೆಯ ನಂತರ, 2024ರಲ್ಲೇ, ರಾಜ್ಯದ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದರು. ಕೈಬಿಟ್ಟ ಬೋರು ಮುಚ್ಚದಿದ್ದರೆ ಒಂದು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿವರೆಗೆ ದಂಡ. ಇದು ಯಾರೂ ಬೀಳದಿದ್ದರೂ ಅನ್ವಯಿಸುವ ಮಾತು. ಬಿದ್ದು ಜೀವ ಹೋದರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಕಲಂ, ನ್ಯಾಯ ಸಂಹಿತೆಯ 106. ಹಳೆಯ ಕಾನೂನಿನಲ್ಲಿ ಗರಿಷ್ಠ ಎರಡು ವರ್ಷ ಇದ್ದ ಶಿಕ್ಷೆ ಈಗ ಐದು ವರ್ಷ. ಹಂದಿ ಕಾಟಕ್ಕೆ ಬೇಲಿಗೆ ಕರೆಂಟ್ ಬಿಡುವವರಿಗೆ ಇನ್ನೂ ಗಂಭೀರ ಕಲಂ ಬೀಳಬಹುದು. ಅಲ್ಲಿ 'ಮರೆತೆ' ಅನ್ನುವ ನೆಪವೂ ಇಲ್ಲ.

"ತಾಯಿ ಎಲ್ಲಿ ಹೋಗಿದ್ಲು?" ಅನ್ನುವ ಪ್ರಶ್ನೆಗೆ ಬರುತ್ತೇನೆ. ತಾಯಿ ಕಳೆ ತೆಗೆಯಲು ಹೋಗಿರುತ್ತಾಳೆ, ಬಹಳ ಸಲ ಅದೇ ಹೊಲಕ್ಕೆ. ನರೇಗಾ ಕೂಲಿಕಾರರ ಮಕ್ಕಳಿಗೆ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಬಂದಿದೆ, ಒಳ್ಳೆಯದೇ. ಖಾಸಗಿ ಹೊಲದ ಕೂಲಿಗೆ ಹೋಗುವವಳು ಮಗುವನ್ನು ಸೊಂಟದಲ್ಲೇ ಕಟ್ಟಿಕೊಂಡು ಹೋಗಬೇಕು. ಕಾನೂನೂ ಇಲ್ಲಿ ನಮಗಿಂತ ಮೆತ್ತಗಿದೆ. ಹೆತ್ತವರ ನಿರ್ಲಕ್ಷ್ಯ ಸಾಬೀತಾದರೆ ಅವರಿಗೆ ಸಿಗುವ ಪರಿಹಾರದಲ್ಲಿ ಕಡಿತ ಆಗಬಹುದು. ಗುಂಡಿ ತೆರೆದಿಟ್ಟವರ ಹೊಣೆ ಸೊನ್ನೆ ಆಗುವುದಿಲ್ಲ. ಪುಟ್ಟ ಮಗುವಿನ ಮೇಲಂತೂ ತಪ್ಪು ಹೊರಿಸುವ ಹಾಗೇ ಇಲ್ಲ.

ಹಾಗಾದರೆ ನಮ್ಮ ಕಡೆ ಇಂಥ ದಾವೆಗಳು ಯಾಕೆ ಅಪರೂಪ? ಕಾನೂನು ಇಲ್ಲದ್ದಕ್ಕಲ್ಲ. 1855ರ ಮಾರಣಾಂತಿಕ ಅಪಘಾತ ಕಾಯ್ದೆಯ ಪ್ರಕಾರ ಮಗುವಿನ ಹೆತ್ತವರು ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು. ಆದರೆ ಸಾವಿನ ದಿನದಿಂದ ಎರಡೇ ವರ್ಷ ಗಡುವು. ಎಫ್‌ಐಆರ್ ಆಯಿತು, ಪೊಲೀಸರು ನೋಡಿಕೊಳ್ಳುತ್ತಾರೆ ಅಂತ ಕಾಯುತ್ತಾ ಕೂತರೆ ಗಡುವು ಮುಗಿದಿರುತ್ತದೆ. ಕ್ರಿಮಿನಲ್ ಕೇಸು ಬೇರೆ, ಪರಿಹಾರದ ದಾವೆ ಬೇರೆ. ಸರ್ಕಾರ ಕೊಡುವ ಪರಿಹಾರದ ಚೆಕ್ಕು ಮೂರನೆಯದು. ಅದನ್ನು ತಗೊಂಡರೆ ಮಾಲೀಕರ ಮೇಲಿನ ಹಕ್ಕು ಹೋಗುವುದಿಲ್ಲ. ಕೋರ್ಟ್ ಫೀ ಕಟ್ಟಲು ಶಕ್ತಿ ಇಲ್ಲದವರು ಹಾಗೆಂದು ಅರ್ಜಿ ಹಾಕಿಕೊಂಡು ದಾವೆ ಹೂಡಬಹುದು. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ.

ಇಷ್ಟೆಲ್ಲ ಇದ್ದರೂ ನಡೆಯುವುದು ಕಟ್ಟೆ ಮೇಲಿನ ರಾಜಿ. ಹಿರಿಯರು ಕೂತು ಒಂದು ಮೊತ್ತ ಹೇಳುತ್ತಾರೆ, ಸಾಕ್ಷಿಗಳು ಸುಮ್ಮನಾಗುತ್ತಾರೆ. ಮರುದಿನ ಕೂಲಿಗೆ ಅದೇ ಮನೆಗೆ ಹೋಗಬೇಕಲ್ಲ.

ನನಗೆ ಮಾಲೀಕರ ಮೇಲೂ ಕನಿಕರ ಇದೆ, ಅಪ್ಪನೂ ಒಬ್ಬ ಮಾಲೀಕರೇ. ಲಕ್ಷಗಟ್ಟಲೆ ಸಾಲ ಮಾಡಿ ಕೊರೆಸಿದ ಬೋರು ಒಣಗಿದಾಗ ಅದರ ಬಾಯಿ ಕಡೆ ನೋಡಲಿಕ್ಕೂ ಮನಸ್ಸಾಗುವುದಿಲ್ಲ. ಕೋರ್ಟು ಹಳ್ಳಿಗಳ ಉಸ್ತುವಾರಿಯನ್ನು ಪಂಚಾಯ್ತಿ ಮುಖ್ಯಸ್ಥರಿಗೂ ಕೃಷಿ ಇಲಾಖೆಗೂ ವಹಿಸಿದೆ. ನಮ್ಮ ಬೋರು ನೋಡಲು ಇದುವರೆಗೆ ಯಾರೂ ಬಂದಿಲ್ಲ. ಹಾಗಂತ ದಾವೆಯಲ್ಲಿ ಮೊದಲ ಪ್ರತಿವಾದಿ ಪಂಚಾಯ್ತಿ ಆಗುವುದಿಲ್ಲ, ಪಹಣಿಯಲ್ಲಿ ಹೆಸರಿರುವವರೇ ಆಗುತ್ತಾರೆ.

ಅಪ್ಪನ ಮುಂದೆ ಲೆಕ್ಕ ಹಾಕಿದೆ. ಆರೂವರೆ ಇಂಚಿನ, 400 ಅಡಿ ಆಳದ ತೂತು ಎಂದರೆ ಸುಮಾರು 92 ಘನ ಅಡಿ. ಒಂದು ಬ್ರಾಸಿಗೂ ಕಮ್ಮಿ, ಒಂದೇ ಟ್ರಾಲಿ. "ಇಷ್ಟೇನಾ?" ಅಂದರು. ಮೇಲಿನ ಅಗಲದ ಭಾಗಕ್ಕೆ ಇನ್ನೊಂದಿಷ್ಟು ಬುಟ್ಟಿ ಬೇಕು ಅಂದೆ. ಭಾನುವಾರ ಟ್ರ್ಯಾಕ್ಟರ್ ಬಂತು. ನಡುವೆ ಸಿಕ್ಕಿಕೊಂಡು ಪೊಳ್ಳು ಉಳಿಯಬಾರದು ಅಂತ ಸ್ವಲ್ಪ ಸ್ವಲ್ಪವೇ ಹಾಕಿಸಿದೆವು, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು.

ಬದುವಿನ ಆಚೆ ಪಕ್ಕದವರ ಹೊಲದಲ್ಲಿ ಅಂಥದ್ದೇ ಇನ್ನೊಂದು ಇದೆ, ಅದಕ್ಕೆ ಚಪ್ಪಡಿಯೂ ಇಲ್ಲ. ಮಾಲೀಕರು ಪುಣೆಯಲ್ಲಿ ಇರುತ್ತಾರೆ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸರ್ವೆ ನಂಬರ್ ಬರೆದು, ಫೋಟೊ ಲಗತ್ತಿಸಿ ಪಿಡಿಒಗೆ ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದಿದ್ದೇನೆ.